ಎರಡು ಕೊಂಬಿನ ಗಡ್ಡೆ

ಕಟಕೋಳ, ೧೯೦೮

ಮೇ ೧೨
ಪೂಜೆ ಮುಗಿಸಿ ಲಿಂಗದ ನೀರನ್ನು ಗೌರಿ ಹೂವಿನ ಪಾತಿಗೆ ಹಾಕಿದೆ. ತುಳಿಯುವ ಜಾಗದಲ್ಲಿ ಚೆಲ್ಲಬಾರದಲ್ಲ. ಕಳೆದ ಕಾರ್ತಿಕದಲ್ಲಿ ಅವ್ವ ತೀರಿಕೊಂಡಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಬಳ್ಳಿ ಒಣಗಿ ಬಿದ್ದು ಆರು ತಿಂಗಳು. ಈಗ ಬರಿ ಮಣ್ಣು. ಗಡ್ಡೆ ಒಳಗೆ ಮಲಗಿದೆ.

ಅವ್ವ ಮದುವೆಯಾಗಿ ಬರುವಾಗ ತೊರಗಲ್ ಕೋಟೆಯ ಗುಡ್ಡದಿಂದ ಅಗೆದು, ಉಡಿಯಲ್ಲಿ ಕಟ್ಟಿ ತಂದದ್ದು. ನಾನು ಮಾಸ್ತರಿಕೆ ಕಲಿತ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಡ್ರಾಯಿಂಗ್ ಮಾಸ್ತರರು ಇದನ್ನು ‘ಲಿಲಿ’ ಎಂದಿದ್ದರು. ರಜೆಗೆ ಬಂದು ದೊಡ್ಡಸ್ತಿಕೆಯಿಂದ ಅವ್ವನಿಗೆ ಹೇಳಿದೆ. “ಅವರು ಏನರೆ ಅನ್ಲಿ, ಗಡ್ಡಿ ವಿಷ ಐತಿ. ಕೈ ತೊಳಕೋ,” ಎಂದಳು. ಇಂದು ಆ ದನಿ ಬೇಕೆನಿಸುತ್ತದೆ.

ಮೇ ೩೦
ರೋಹಿಣಿ ಮಳೆ. ಅಂಗಳವೆಲ್ಲ ಕೆಸರು. ಇನ್ನೇನು ಮೊಳಕೆ.

ತಂಗಿ ಗುರವ್ವ ನೆನಪಾದಳು. ಅವ್ವನ ದಿವಸಕಾರ್ಯ ಮುಗಿದ ಮರುದಿನ, ಗಂಡನ ಮನೆಗೆ ಸುರೇಬಾನಕ್ಕೆ ಹೊರಟು ನಿಂತವಳು ಕೇಳಿದ್ದಳು: “ಅಣ್ಣಾ, ಗಡ್ಡಿಗೆ ಎರಡು ಕೊಂಬು. ಒಂದು ನಂಗ ಅಂತ ಅವ್ವ ಹೇಳಿದ್ಳು.” ಮುರಿದರೆ ಸಾಯುತ್ತದೆ ಎಂದೆ. ಕೊಡಲಿಲ್ಲ. “ಹಂಗಾರ ಪಂಚಮಿಗೆ ನನ್ನ ಕರೀಲಿಕ್ಕೆ ಬರಬ್ಯಾಡ,” ಎಂದು ಗಾಡಿ ಹತ್ತಿದಳು. ಅಣ್ಣ ಕರೆಯಲು ಹೋಗದ ಪಂಚಮಿ! ಇರಲಿ... ಹೂ ಬಿಡಲಿ. ಒಂದು ಬುಟ್ಟಿ ಒಯ್ದರೆ ಸಿಟ್ಟು ಇಳಿಯುತ್ತದೆ.

ಜೂನ್ ೨೧
ಇಲ್ಲ. ಒಂದು ಮೊಳಕೆಯೂ ಇಲ್ಲ.

ಜುಲೈ ೧೦
ತಡೆಯಲಾಗಲಿಲ್ಲ. ಬೆರಳಿನಿಂದ ಮಣ್ಣು ಸರಿಸಿದೆ. ಗಡ್ಡೆ ಇದ್ದಲ್ಲಿ ಕಪ್ಪು ಲೋಳೆ, ನಾತ. ಎರಡೂ ಕೊಂಬು ಹೋಗಿವೆ. ಮಲಗಿದ ಗಡ್ಡೆಗೆ ಬೇಸಿಗೆಯಿಡೀ ನೀರು ಕುಡಿಸಿದ್ದೇನೆ — ನಾನೇ, ಕೈಯಾರೆ, ನಮಃ ಶಿವಾಯ ಎನ್ನುತ್ತ! ಅವ್ವ ನಲವತ್ತು ವರ್ಷ ಕಾಪಾಡಿದ್ದು. ಅಲ್ಲೇ ಕೂತು ಅತ್ತುಬಿಟ್ಟೆ.

ಜುಲೈ ೩೧
ನಾಡಿದ್ದು ಪಂಚಮಿ. ಚಕ್ಕಡಿ ಕಟ್ಟಿಸಿಕೊಂಡು ಸುರೇಬಾನಕ್ಕೆ ಹೋದೆ. ದಾರಿಯುದ್ದಕ್ಕೂ ಸುಳ್ಳು ಹೊಂದಿಸುತ್ತಿದ್ದೆ. ಹೆಗ್ಗಣ ತಿಂತು ಎನ್ನಲೇ, ಮಳೆಗೆ ಕೊಚ್ಚಿತು ಎನ್ನಲೇ... ಗುರವ್ವ ಬಾಗಿಲಲ್ಲೇ ನಿಂತಳು. ಒಳಗೆ ಕರೆಯಲಿಲ್ಲ. ಬಾಯಿಗೆ ನಿಜವೇ ಬಂತು.

ಗುರವ್ವ ಕೇಳಿದಳು: “ಬ್ಯಾಸಿಗ್ಯಾಗ ನೀರ? ದೀಪಾವಳಿಯಿಂದ ಹಿಡದು ಮಳಿ ಬರೂತನಕ ಅವ್ವ ಆ ಕಡೆ ತಂಬಿಗಿ ಸೈತ ಒಯ್ಯತಿದ್ದಿಲ್ಲ. ನೀ ಒಂದ ದಿನಾನೂ ನೋಡಲಿಲ್ಲೇನ?”

ನೋಡಿರಲಿಲ್ಲ. ಹೂ ಮಾತ್ರ ನೋಡಿದ್ದೆ. ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಬಟ್ಟೆಯ ಗಂಟು ಹಿಡಿದು ಬಂದು ಚಕ್ಕಡಿ ಹತ್ತಿದಳು.

ಆಗಸ್ಟ್ ೩
ಗುರವ್ವ ಹಳ್ಳದಾಚೆಯ ಕುರಿಹಟ್ಟಿಗೆ ಎಳೆದುಕೊಂಡು ಹೋದಳು. ಚಿಕ್ಕಂದಿನಲ್ಲಿ ಅವ್ವನ ಜೊತೆ ಹೋಗುತ್ತಿದ್ದಳಂತೆ. ನಾನು ಆ ಕಡೆ ಕಾಲಿಟ್ಟವನಲ್ಲ. ಕುರುಬರ ಬೀರವ್ವನ ಮುಳ್ಳುಬೇಲಿಯ ತುಂಬ ನಮ್ಮ ಹೂ! ಬೆಂಕಿಯ ಹಾಗೆ ಕೆಂಪು, ಬುಡದಲ್ಲಿ ಹಳದಿ...

“ನಿಮ್ಮವ್ವ ಕೊಟ್ಟಿದ್ದರಿ ಮಾಸ್ತರ, ಒಂದ ಕೊಂಬು,” ಎಂದಳು ಬೀರವ್ವ. “ವರ್ಷಾ ಎರಡಾಗತಾವು. ಮುರದ ಕೊಡಬೇಕರಿ. ಈಗ ಬ್ಯಾಡ, ಬಳ್ಳಿ ಒಣಗಲಿ. ದೀಪಾವಳಿಗೆ ಬರ್ರಿ.”

ಮುರಿದರೆ ಸಾಯುತ್ತದೆ ಎಂದಿದ್ದ ನನ್ನ ಮುಖವನ್ನು ಗುರವ್ವ ನೋಡಲಿಲ್ಲ. ಅದು ಅವಳ ದೊಡ್ಡತನ.

ಅಕ್ಟೋಬರ್ ೨೬
ಬೀರವ್ವ ಗಡ್ಡೆ ಅಗೆದು ಇಡಿಯಾಗಿ ನನ್ನ ಕೈಗಿಟ್ಟಳು. ಹಬ್ಬಕ್ಕೆ ಬಂದ ಗುರವ್ವ ಪಕ್ಕದಲ್ಲೇ ಇದ್ದಳು. ನಾನೇ ಮುರಿದೆ. ದೊಡ್ಡ ಕೊಂಬನ್ನು ಅವಳ ಉಡಿಗೆ ಹಾಕಿದೆ.

“ಕೈ ತೊಳಕೋ,” ಎಂದಳು. ಥೇಟ್ ಅವ್ವ.

ಅಕ್ಟೋಬರ್ ೨೭
ಗುರವ್ವ ಊರಿಗೆ ಹೋದಳು. ನನ್ನ ಕೊಂಬನ್ನು ಪಾತಿಯಲ್ಲಿ ಹೂತಿಟ್ಟಿದ್ದೇನೆ. ಪೂಜೆ ಮುಗಿಸಿ, ಗಿಂಡಿ ಹಿಡಿದು, ಎಂದಿನಂತೆ ಅಲ್ಲಿಯತನಕ ನಡೆದೇ ಬಿಟ್ಟಿದ್ದೆ. ತಟ್ಟನೆ ನಿಂತೆ. ನಲವತ್ತು ವರ್ಷ ಈ ನೀರನ್ನು ಅವ್ವ ದಿನಾ ಎಲ್ಲಿ ಹಾಕುತ್ತಿದ್ದಳು? ಅದನ್ನೂ ನೋಡಿಲ್ಲ. ಗುರವ್ವನನ್ನು ಕೇಳಬೇಕು. ಇನ್ನೂ ಏನೇನು ನೋಡದೆ —