ಧೂಳಮ್ಮ ಅಂದು ಅಳಲಿಲ್ಲ

ವೈಜಿನಾಥ ಅವರಿಗೆ, ನಮಸ್ಕಾರ.

ಬಸವಕಲ್ಯಾಣದ ಚಿತ್ರೋತ್ಸವದಲ್ಲಿ ನನ್ನ ಉಪನ್ಯಾಸವನ್ನು ಅರ್ಧಕ್ಕೇ ಬಿಟ್ಟಿದ್ದಕ್ಕೆ ಕ್ಷಮಾಪಣೆ ಪತ್ರ ಬರೆದುಕೊಡಲು ಸಂಚಾಲಕರಾದ ನೀವು ಹೇಳಿದ್ದೀರಿ. ಬರೆಯುವುದಿಲ್ಲ.

ಚಿತ್ರಕಥೆ ಬರೆಯುವುದು ಹೇಗೆಂದು ಹೇಳಲು ನನ್ನನ್ನು ಕರೆದಿರಿ. ನಾನು ನನ್ನ ಸಿನಿಮಾದಲ್ಲಿ ಎಲ್ಲರೂ ಮೆಚ್ಚಿದ ದೃಶ್ಯವನ್ನೇ ತೋರಿಸಿದೆ. ಹೆದ್ದಾರಿಯಲ್ಲಿ ಲಾರಿ ಹಾಯ್ದು ಕುರಿಗಳು ಸತ್ತಾಗ, ಅವುಗಳನ್ನು ಕಾಯುತ್ತಿದ್ದ ಹೆಂಗಸು ಎದೆ ಬಡಿದುಕೊಂಡು ಅಳುತ್ತಾಳೆ. ಸಭೆಯೂ ಕಣ್ಣೊರೆಸಿಕೊಂಡಿತು. ಆಗ ಹಿಂದಿನ ಸಾಲಿನಲ್ಲಿದ್ದ ಮೋರಖಂಡಿಯ ಧೂಳಮ್ಮ ಎದ್ದು ನಿಂತರು. ಆ ಕಥೆ ನನಗೆ ಸಿಕ್ಕಿದ್ದು ಅವರ ಬದುಕಿನಿಂದಲೇ.

“ಅಕ್ಕಾರ, ಅವತ್ತ ನಾ ಅತ್ತಿಲ್ಲರಿ. ಲಾರಿ ಮುಂದ ಅಡ್ಡ ಕುಂತಿದ್ದೆ. ಪೊಲೀಸರು ಬರೋತನಕ ಎದ್ದಿಲ್ಲ. ನೀವ್ಯಾಕ ನನ್ನ ಅಳಸಾಕತ್ತೀರಿ?”

ನೋಡುವವರು ಅಳಲಿ ಎಂದು ಸಿನಿಮಾದ ಆ ಹೆಂಗಸನ್ನು ಅಳಿಸಿದ್ದೆ. ಆ ಅಳುವಿಗೇ ಪ್ರಶಸ್ತಿ ಪಡೆದವಳು ನಾನು. ಮೈಕನ್ನು ಅವರ ಕೈಗೆ ಕೊಟ್ಟು ಕೆಳಗೆ ಹೋಗಿ ಕುಳಿತೆ. ನೀವು “ಟೈಂ ಆತ್ರಿ” ಎಂದು ಮೈಕು ಬಂದ್ ಮಾಡಿಸಿದಿರಿ. ಧೂಳಮ್ಮ ಮೈಕಿಲ್ಲದೆಯೇ ಅವತ್ತು ನಡೆದದ್ದನ್ನು ಕೊನೆತನಕ ಹೇಳಿದರು. ಅಂದು ಅಲ್ಲಿ ಕಥೆ ಕಟ್ಟುವುದನ್ನು ಕಲಿಸಿದವರು ಅವರೇ.

ಈಗ ಆ ಉಪನ್ಯಾಸದ ವಿಡಿಯೋದಿಂದ ಅವರ ಮಾತನ್ನು ಕತ್ತರಿಸುತ್ತೀರಂತೆ. ಹಾಗಾದರೆ ನನ್ನದನ್ನೂ ತೆಗೆಯಿರಿ.

ಭಾನುವಾರ ಹುಮನಾಬಾದಿನಲ್ಲಿ ನೀವೇ ಏರ್ಪಡಿಸಿರುವ ನನ್ನ ಎರಡನೇ ಉಪನ್ಯಾಸವಿದೆ. ಧೂಳಮ್ಮ ನನ್ನ ಜೊತೆಗೇ ಬರುತ್ತಾರೆ. ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿಸಿ. ಒಂದೇ ಹಾಕಿಸಿದರೆ ಅದರಲ್ಲಿ ಅವರು ಕೂಡುತ್ತಾರೆ. ನಾನು ನಿಂತೇ ಮಾತಾಡುತ್ತೇನೆ.

ಇತಿ,
ಕೇಶರಬಾಯಿ ಹುಲಸೂರ