ಹಿಟ್ಟಿನ ಮಾತ್ರೆ

ತಮ್ಮಾ,

ಇವತ್ತು ಬೆಳಿಗ್ಗೆ ಆಸ್ಪತ್ರೆಯ ನರ್ಸಮ್ಮ ಫೋನ್ ಮಾಡಿದ್ದರು. ಖಿನ್ನತೆಯ ಮಾತ್ರೆಯಿಂದ ಕೊಕೇನ್ ಚಟ ಬಿಡುತ್ತದೆಯೇ ಎಂದು ನಿನ್ನಂಥವರ ಮೇಲೆ ಪ್ರಯೋಗ ಮಾಡಿದರಲ್ಲ, ಯಾರಿಗೆ ಔಷಧಿ, ಯಾರಿಗೆ ಬರೀ ಹಿಟ್ಟು ಕೊಟ್ಟಿದ್ದರೆಂಬ ಮೊಹರು ಹಾಕಿದ ಪಟ್ಟಿಯನ್ನು ಈಗ ತೆರೆದರಂತೆ.

"ನಿಮ್ಮ ತಮ್ಮಂದು ಹಿಟ್ಟಿನ ಮಾತ್ರೆ ಕಣಮ್ಮ. ಅದ್ರಲ್ಲಿ ಔಷಧಿ ಇರ್ಲೇ ಇಲ್ಲ," ಎಂದರು.

ಹನ್ನೆರಡು ವಾರ ನೀನು ಕೊಕೇನ್ ಮುಟ್ಟಿರಲಿಲ್ಲ. ಸೋಮವಾರ ಸೋಮವಾರ ಮೂತ್ರ ಪರೀಕ್ಷೆಗೆ ಕೊಟ್ಟು, ಪದಕ ಗೆದ್ದವನ ಹಾಗೆ ಎದೆಯುಬ್ಬಿಸಿಕೊಂಡು ಬರುತ್ತಿದ್ದೆ. ಕೊನೆಯ ಸೋಮವಾರ "ಅಕ್ಕಾ, ಗೆದ್ದೆ ಕಣೇ" ಅಂದಾಗ ನಾನು ಇಸ್ತ್ರಿ ಮಾಡುತ್ತಿದ್ದೆ. ತಲೆಯೆತ್ತದೆ ಹೇಳಿದೆ: "ನೀನೇನೋ ಗೆದ್ದಿದ್ದು? ಎಲ್ಲಾ ಆ ಮಾತ್ರೆ ಮಹಿಮೆ. ಜಂಬ ಕೊಚ್ಕೋಬೇಡ."

ಜನ್ಮದಲ್ಲಿ ನನ್ನ ಒಂದು ಮಾತೂ ಕೇಳದವನು, ಅದೊಂದನ್ನು ನಂಬಿಬಿಟ್ಟೆ. ಡಬ್ಬಿ ಖಾಲಿಯಾದಾಗ ಆಸ್ಪತ್ರೆಗೆ ಓಡಿ, ಇನ್ನೊಂದು ಕೊಡಿ ಎಂದು ಅಂಗಲಾಚಿದೆಯಂತೆ. "ಪ್ರಯೋಗ ಮುಗೀತಲ್ಲಪ್ಪ" ಎಂದು ಕಳಿಸಿದರಂತೆ. ಹತ್ತನೇ ದಿನ ನಿನ್ನ ಕೋಣೆಯ ಬಾಗಿಲು ಒಡೆಸಬೇಕಾಯಿತು. ಒಳಗೆ ಕೊಕೇನ್ ಪೊಟ್ಟಣದ ಪಕ್ಕ ನೀನು ತಣ್ಣಗಾಗಿದ್ದೆ.

ಫೋನ್ ಇಟ್ಟು ಮತ್ತೆ ಇಸ್ತ್ರಿಗೆ ನಿಂತೆ. ಈ ಸಲ ತಲೆಯೆತ್ತಿ, ಬಾಗಿಲ ಕಡೆಗೇ ನೋಡುತ್ತ ನಿಂತಿದ್ದೆ.

ಅಂಗಿಯ ತೋಳು ಸುಟ್ಟುಹೋಯಿತು.

ಅಕ್ಕ