ಮಾರ್ಸೆಲೆಯ ಹಿಟ್ಟಿನ ಮರಿಗೆ, ನಿಮ್ಮ ಫಲಕ

ಮಾನ್ಯ ಸಂಸ್ಕೃತಿ ಇಲಾಖೆಯ ಮುಖ್ಯಸ್ಥರೇ,

ನಮ್ಮ ಬೆರ್ಜೂನೆ ಹಳ್ಳಿಯ ದಾರಿಶಿಲುಬೆಯ ಪಕ್ಕ ನೀವು ನೆಡಿಸಿದ ಫಲಕ ಸುಳ್ಳು ಹೇಳುತ್ತಿದೆ. ಅದರ ಮುಂದೆ ಜಪಮಾಲೆ ಹಿಡಿದು ನಿಲ್ಲಲು ನನಗೆ ನಾಚಿಕೆಯಾಗುತ್ತದೆ. "ಇಲ್ಲಿನ ಕಪ್ಪು ರೊಟ್ಟಿಯ ಹೆಪ್ಪು ತಲೆಮಾರುಗಳಿಂದ ಅತ್ತೆಯಿಂದ ಸೊಸೆಗೆ ಇಳಿದು ಬಂದಿದೆ" ಎಂದು ಕೆತ್ತಿಸಿದ್ದೀರಿ. ಆ ಸೊಸೆ ನಾನೇ. ಅತ್ತೆಗೆ ಅದು ಎಲ್ಲಿಂದ ಇಳಿದು ಬಂತೆಂದು ನೀವು ಕೇಳಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಯಾರೂ ಹೇಳಲಿಲ್ಲ. ಬೇಲಿ ದಾಟಿ ಬಂದ ವಸ್ತುವಿಗೆ ವಂಶಾವಳಿ ಬರೆಯುವುದು ಎಷ್ಟು ಸುಲಭ, ಅಲ್ಲವೇ?

ಸಾವಿರದ ಒಂಬೈನೂರ ನಲವತ್ತೊಂಬತ್ತರ ಮಾರ್ಚ್‌ನಲ್ಲಿ ಊರೂರಿನಿಂದ ಜನರನ್ನು ಗಡೀಪಾರು ಮಾಡುತ್ತಿದ್ದ ಸೈನಿಕರು ಪಕ್ಕದ ಮನೆಯ ಮಾರ್ಸೆಲೆಯನ್ನೂ ಅವಳ ಗಂಡನನ್ನೂ ಪುಟ್ಟ ಮಗಳು ಅಪೊಲೋನಿಯಾಳನ್ನೂ ಸೈಬೀರಿಯಾಕ್ಕೆ ಸಾಗಿಸಿದರು. ರೈಲಿನವರೆಗೆ ಅವರನ್ನು ಒಯ್ದ ಕುದುರೆಗಾಡಿ ನಮ್ಮೂರಿನದೇ. ಮಾರ್ಸೆಲೆ ಕಲಸಿಟ್ಟ ಹಿಟ್ಟು ಮರದ ಮರಿಗೆಯಲ್ಲಿ ಉಕ್ಕುತ್ತಿತ್ತು. ಗಾಡಿ ತಿರುವು ದಾಟುವ ಮೊದಲೇ ನನ್ನ ಅತ್ತೆ ಬಾರ್ಬೋರಾ ಅದನ್ನು ಹೊತ್ತು ತಂದರು. ಹಿಟ್ಟಿನ ಮೇಲೆ ಭಕ್ತಿಯಿಂದ ಶಿಲುಬೆಯ ಗುರುತೆಳೆದು ಒಲೆಯಲ್ಲಿ ರೊಟ್ಟಿ ಸುಟ್ಟರು. ಮರಿಗೆಯನ್ನು ನಾವು ತೊಳೆಯುವುದಿಲ್ಲ, ಅಂಟಿದ ಹುಳಿಹಿಟ್ಟೇ ಮುಂದಿನ ರೊಟ್ಟಿಗೆ ಹೆಪ್ಪು. ಹಾಗಾಗಿ ಮಾರ್ಸೆಲೆಯ ಹಿಟ್ಟು ಇಂದಿಗೂ ಬದುಕಿದೆ. ಮಾರ್ಸೆಲೆ ಸೈಬೀರಿಯಾದ ಹಿಮದಲ್ಲೇ ತೀರಿಕೊಂಡಳು. ಅವಳ ಹೆಸರಿರುವ ಒಂದು ಕಲ್ಲೂ ಎಲ್ಲಿಯೂ ಇಲ್ಲ.

ಅದನ್ನು ಯಾಕೆ ತಂದಿರಿ ಎಂದು ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಕೇಳಿದ್ದೆ. "ದೇವರು ಕೊಟ್ಟ ರೊಟ್ಟಿ ನೆಲಕ್ಕೆ ಸುರೀತಿತ್ತು ಕಣೇ, ನೋಡ್ಕೊಂಡು ನಿಲ್ಲೋಕಾಗುತ್ತಾ?" ಎಂದರು. ಮರಿಗೆಯನ್ನಾದರೂ ಹಿಂದಿರುಗಿಸಬಹುದಿತ್ತಲ್ಲ ಎಂದೆ. "ಯಾರಿಗೆ ಕೊಡ್ಲಿ, ರೈಲಿಗಾ?" ಎಂದರು. ಆದರೆ ನನ್ನ ಮದುವೆಗೂ ಮೊದಲೇ ಮಾರ್ಸೆಲೆಯ ಮಗಳು ಸೈಬೀರಿಯಾದಿಂದ ಊರಿಗೆ ತಿರುಗಿ ಬಂದಾಗ, ಅದೇ ಅತ್ತೆ ಮರಿಗೆಯನ್ನು ಕೊಟ್ಟಿಗೆಯ ಹುಲ್ಲಿನಡಿ ಮುಚ್ಚಿಟ್ಟಿದ್ದರಂತೆ.

ನಿಮ್ಮ ಫಲಕದ ಅನಾವರಣಕ್ಕೆ ಪಟ್ಟಣದಿಂದ ಆ ಮಗಳು ಅಪೊಲೋನಿಯಾ, ಈಗ ಅಜ್ಜಿ, ಬಂದಿದ್ದರು. ನೀವು ಭಾಷಣದಲ್ಲಿದ್ದಿರಿ. ಅವರು ನನ್ನ ರೊಟ್ಟಿಯನ್ನು ಬೋರಲು ಮಾಡಿ, ಸುಡುವಾಗ ಕೆಳಗೆ ಹಾಸಿದ್ದ ಬಜೆ ಎಲೆ ಅಡಿಯಲ್ಲಿ ಮೂಡಿಸಿದ ಗೆರೆಗಳನ್ನು ಸವರಿದರು. ಒಂದು ತುಂಡು ಬಹಳ ಹೊತ್ತು ಅಗಿದರು. ಆಮೇಲೆ ನನ್ನನ್ನು ಕೇಳಿದರು: "ಮರಿಗೆ ತಳಕ್ಕೆ ತವರದ ತೇಪೆ ಇದೆಯಾ ಮಗಳೇ? ನಮ್ಮಪ್ಪ ಹೊಡೆದಿದ್ದು." ಪಕ್ಕದವಳು ನಕ್ಕು ಹೇಳಿದಳು: "ಬಿಡಜ್ಜಿ, ಈ ಊರಲ್ಲಿ ತೇಪೆ ಇಲ್ದಿರೋದು ಯಾವುದಿದೆ?"

ಮರುದಿನ ಮರಿಗೆಯನ್ನು ಅವರ ಮನೆಗೇ ಒಯ್ದೆ. ಅವರು ತೇಪೆಯನ್ನು ಮುಟ್ಟಿ ನೋಡಿ ನನ್ನ ಕಡೆಗೇ ತಳ್ಳಿದರು. "ನಂಗ್ಯಾಕಮ್ಮ? ಇಲ್ಲಿರೋದು ಗ್ಯಾಸು. ಅಮ್ಮನ ಹೆಸರು ಹೇಳಿ ರೊಟ್ಟಿ ಸುಡು, ಅಷ್ಟು ಸಾಕು."

ಅಷ್ಟನ್ನೇ, ಆ ಹೆಸರನ್ನು ಫಲಕದಲ್ಲಿ ಸೇರಿಸಿ ಎಂದು ಕೇಳಲು, ನಿಮ್ಮ ಕಚೇರಿಗೆ ಬಂದೆ. "ಅಮ್ಮಾ, ಜನ ರೊಟ್ಟಿ ಜೊತೆ ಜೇನುತುಪ್ಪ ಕೇಳ್ತಾರೆ, ಕಣ್ಣೀರು ಕೇಳಲ್ಲ" ಎಂದಿರಿ. ಮಾತು ಚೆನ್ನಾಗಿದೆ, ಅದನ್ನೂ ಕೆತ್ತಿಸಿಬಿಡಿ. ಊರು ಕದ್ದದ್ದಕ್ಕೆ ಕಾಲ ಕಾರಣ ಎನ್ನಬಹುದು. ಪರಂಪರೆಯೆಂದು ಬಿರುದು ಕೊಟ್ಟು ಮೆರೆಸುವುದಕ್ಕೆ ಯಾವ ಕಾಲ ಕಾರಣ, ಸ್ವಾಮಿ? ಹಾಗೆ ಮೆರೆಸುವಾಗ ನಿಮ್ಮ ಪಕ್ಕದಲ್ಲಿ ಕಸೂತಿಯ ಏಪ್ರನ್ ಕಟ್ಟಿ ನಿಂತಿದ್ದವಳೂ ನಾನೇ.

ಫಲಕದಲ್ಲಿ ಒಂದು ಸಾಲು ಸೇರಿಸಿ: ಈ ಹೆಪ್ಪು ಮಾರ್ಸೆಲೆಯದು, ಅವಳನ್ನು ಗಡೀಪಾರು ಮಾಡಿದ ದಿನ ಅವಳ ಮನೆಯಿಂದ ತಂದದ್ದು. ಆಗಸ್ಟಿನ ಮಾತೆ ಮರಿಯಮ್ಮನ ಹಬ್ಬದೊಳಗೆ ಆಗಬೇಕು, ಅಜ್ಜಿಗೆ ವಯಸ್ಸಾಗಿದೆ. ಆಗದಿದ್ದರೆ ಹಬ್ಬಕ್ಕೆ ನನ್ನಿಂದ ರೊಟ್ಟಿ ಬರುವುದಿಲ್ಲ. ಮರಿಗೆಯನ್ನು ನಿಮ್ಮ ಫಲಕದ ಬುಡದಲ್ಲಿ ತೇಪೆ ಕಾಣುವಂತೆ ಕವುಚಿಟ್ಟು ಪಕ್ಕದಲ್ಲಿ ಕೂರುತ್ತೇನೆ. ರೊಟ್ಟಿ ಎಲ್ಲಿ ಎಂದು ಕೇಳಿದವರಿಗೆಲ್ಲ, ಯಾರದು ಎಂದು ಹೇಳುತ್ತೇನೆ.

ಇಂತಿ,
ಪರರ ಮರಿಗೆಯಲ್ಲಿ ನಾದಿದ ಕೈಯನ್ನೇ ಮುಗಿದು ಪ್ರಾರ್ಥಿಸುತ್ತ ಬಂದ
ನಿಯೋಲೆ, ಬೆರ್ಜೂನೆ